ಟಿ ಹಾಕೋದಾ, ಟಿಎಚ್ ಹಾಕೋದಾ?

ಮಂಡ್ಯ ನಗರದೊಳಗೆ ಸೇರಿಹೋಗಿರುವ ಗುತ್ತಲು ಕನ್ನಡದಲ್ಲಿ ಬರೆದರೆ ಒಂದೇ ಥರ. ಇಂಗ್ಲಿಷಿಗೆ ಬಂದಾಗ ಮಾತ್ರ ಅದು ವೇಷ ಬದಲಿಸುತ್ತದೆ. ಕೆಲವರು ಎರಡು ಟಿ ಬರೆಯುತ್ತಾರೆ, ಕೆಲವರು ಒಂದು ಟಿ ಒಂದು ಎಚ್, ಇನ್ನು ಕೆಲವರು ಯಾವುದಕ್ಕೂ ಇರಲಿ ಎಂದು ಎರಡು ಟಿ ಬರೆದು ಮೇಲೊಂದು ಎಚ್ ಸೇರಿಸುತ್ತಾರೆ. ಕೊನೆಯ ಯು ಮರೆತರಂತೂ ಊರೇ ಬದಲಾಗುತ್ತದೆ. ಗುತ್ತಲ ಇರುವುದು ಹಾವೇರಿ ಜಿಲ್ಲೆಯಲ್ಲಿ. ಅರ್ಕೇಶ್ವರ ಸ್ವಾಮಿ ದೇವಸ್ಥಾನಕ್ಕೆ ಹೊರಟವರು ಮೊಬೈಲಿನಲ್ಲಿ ದಾರಿ ಹುಡುಕುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಂಗ್ಲಿಷ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ವ್ಯಾಕರಣದ ಪಾಲು ಕಡಿಮೆ, ಸ್ಪೆಲಿಂಗಿನದು ಹೆಚ್ಚು. ಸ್ಪೆಲಿಂಗಿನಲ್ಲೂ ಇಂಗ್ಲಿಷ್ ಪದಗಳಿಗಿಂತ ತಮ್ಮ ತಮ್ಮ ಹೆಸರಿನದೇ ಚಿಂತೆ. ತಾಲ್ಲೂಕು ಕಚೇರಿಯ ಆಸುಪಾಸಿನ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಸ್ವಲ್ಪ ಹೊತ್ತು ನಿಂತರೆ ಇದು ಗೊತ್ತಾಗುತ್ತದೆ. ಆನ್‌ಲೈನ್ ಅರ್ಜಿ ತುಂಬುವ ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾನೆ: ‘ತಿಮ್ಮೇಗೌಡ ಅಂದ್ರಲ್ಲ, ಬರೀ ಟಿ ಹಾಕ್ಲಾ, ಟಿಎಚ್ ಹಾಕ್ಲಾ?’ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ ಹಿಡಿದು ನಿಂತ ಹಿರಿಯರು, ‘ನಿಂಗೆ ಎಂಗ್ ಸರಿ ಅನ್ನುಸ್ತದೋ ಅಂಗೆ ಹಾಕಪ್ಪ’ ಅನ್ನುತ್ತಾರೆ. ‘ಅಂಗಲ್ಲ ಗೌಡ್ರೆ, ಆಧಾರ್‌ನಲ್ಲಿ ಎಂಗದೆ?’ ಕವರಿನಿಂದ ಆಧಾರ್ ಕಾರ್ಡು ಹೊರಬರುತ್ತದೆ. ಅದರಲ್ಲಿ ಟಿಎಚ್, ಗೌಡ ಬೇರೆ ಪದ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ ಟಿ, ಗೌಡ ಅಂಟಿಕೊಂಡಿದೆ. ಮಗನ ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಮೂರನೆಯ ಥರ. ಪಹಣಿಯಲ್ಲಿ ಮಾತ್ರ ಯಾವ ತಕರಾರೂ ಇಲ್ಲ, ಯಾಕೆಂದರೆ ಅದು ಕನ್ನಡದಲ್ಲಿದೆ.

ಲೆಕ್ಕ ಹಾಕಿದರೆ ತಮಾಷೆಯಾಗಿದೆ. ಆರಂಭಕ್ಕೆ ಟಿ ಅಥವಾ ಟಿಎಚ್. ಗೌಡ ಕೂಡಿಸಿ ಅಥವಾ ಬಿಡಿಸಿ. ಗೌ ಬರೆಯಲು ಒ-ಡಬ್ಲ್ಯೂ, ಒ-ಯು, ಎ-ಯು ಎಂಬ ಮೂರು ದಾರಿ. ಅಲ್ಲಿಗೆ ಒಬ್ಬ ತಿಮ್ಮೇಗೌಡರಿಗೆ ಹನ್ನೆರಡು ಸ್ಪೆಲಿಂಗ್. ಎಮ್ಮು ಒಂದೋ ಎರಡೋ ಎಂಬ ಪ್ರಶ್ನೆ ಇನ್ನೂ ಎದ್ದೇ ಇಲ್ಲ.

ಹಾಗಾದರೆ ಸರಿ ಯಾವುದು? ಇಂಗ್ಲಿಷಿನ ಟಿ ಅಕ್ಷರ ಕನ್ನಡದ ಕಿವಿಗೆ ‘ಟ’ ಎಂದೇ ಕೇಳಿಸುತ್ತದೆ. ಟೇಬಲ್, ಟಿಕೆಟ್, ಟೌನ್ ಎಂದು ಬರೆಯುತ್ತೇವೆಯೇ ಹೊರತು ಯಾರೂ ತೇಬಲ್ ಅನ್ನುವುದಿಲ್ಲ. ಅತ್ತ ಥ್ಯಾಂಕ್ಸ್, ಥಿಯೇಟರ್ ಎಂಬಲ್ಲಿನ ಟಿಎಚ್ ನಮ್ಮ ಬಾಯಲ್ಲಿ ‘ತ’ ಅಥವಾ ‘ಥ’ ಆಗುತ್ತದೆ. ಆದ್ದರಿಂದ ದಕ್ಷಿಣದವರು ಟಕ್ಕೆ ಟಿ, ತಕ್ಕೆ ಟಿಎಚ್ ಎಂದು ಹಂಚಿಕೊಂಡರು. ಲತಾ, ಗೀತಾ, ಸವಿತಾ ಎಲ್ಲರಿಗೂ ಇಲ್ಲಿ ಎಚ್ ಸಿಕ್ಕಿತು. ವಿಂಧ್ಯದಾಚೆ ಅದೇ ಲತಾ ಎಚ್ ಇಲ್ಲದೆ ಆರಾಮಾಗಿದ್ದಾರೆ. ಅಲ್ಲಿ ಎಚ್ ಸೇರಿಸುವುದು ಮಹಾಪ್ರಾಣಕ್ಕೆ ಮಾತ್ರ. 19ನೆಯ ಶತಮಾನದಲ್ಲಿ ಇಂಪೀರಿಯಲ್ ಗೆಜೆಟಿಯರ್ ಸಂಪಾದಿಸಿದ ವಿಲಿಯಂ ವಿಲ್ಸನ್ ಹಂಟರ್ ಭಾರತದ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆಯಲು ಒಂದು ಪದ್ಧತಿ ಹಾಕಿಕೊಟ್ಟರು. ಸರ್ಕಾರಿ ನಕಾಶೆಗಳು ಇಂದಿಗೂ ಬಹುಮಟ್ಟಿಗೆ ಅದನ್ನೇ ಹಿಡಿದಿವೆ. ಅದರ ಪ್ರಕಾರ ತಕ್ಕೆ ಬರೀ ಟಿ ಸಾಕು. ಹೀಗಾಗಿ ಊರಿನ ಹೆಸರು ಒಂದು ನಿಯಮಕ್ಕೆ, ಊರಿನವರ ಹೆಸರು ಇನ್ನೊಂದು ನಿಯಮಕ್ಕೆ ಸಿಕ್ಕಿಕೊಂಡಿದೆ. ನ್ಯಾಯವಾಗಿ ನೋಡಿದರೆ ನಮ್ಮ ಕಡೆಯ ಟಿಎಚ್ ಪದ್ಧತಿಯೇ ಹೆಚ್ಚು ಬುದ್ಧಿವಂತಿಕೆಯದು, ಟಕ್ಕೂ ತಕ್ಕೂ ವ್ಯತ್ಯಾಸವಾದರೂ ಗೊತ್ತಾಗುತ್ತದೆ. ಆದರೆ ಆ ಬುದ್ಧಿವಂತಿಕೆ ದಕಾರದ ಹತ್ತಿರ ಬಂದು ಸುಸ್ತಾಗಿದೆ. ಡಕ್ಕೂ ದಕ್ಕೂ ಡಿ ಒಂದೇ. ಹೊರಗಿನವರು ಮದ್ದೂರನ್ನು ಮಡ್ಡೂರು ಎಂದು ಓದಿದರೆ ತಪ್ಪು ಅವರದಲ್ಲ.

ಗೌಡದ ವಿಷಯವೂ ಇಂಥದ್ದೇ. ಮಂಡ್ಯ, ಹಾಸನ, ಮೈಸೂರಿನ ಕಡೆ ಒ-ಡಬ್ಲ್ಯೂ ಬರೆಯುವ ವಾಡಿಕೆ. ಧಾರವಾಡ, ಬೆಳಗಾವಿಯ ಕಡೆಗೆ ಹೋದರೆ ಒ-ಯು ಹೆಚ್ಚು. ಹೆಸರು ನೋಡಿದ ಕೂಡಲೇ ‘ಓಹೋ, ಹಳೇ ಮೈಸೂರಿನವರು’ ಎಂದು ಗುರುತಿಸುವವರಿದ್ದಾರೆ. ‘ಅಯ್ಯ’ ಎಂದು ಮುಗಿಯುವ ಹೆಸರುಗಳಲ್ಲೂ ಹೀಗೆಯೇ. ಸಿದ್ದಯ್ಯ, ನಂಜಯ್ಯ ಎಂಬುವರು ಮೈಸೂರು ಸೀಮೆಯಲ್ಲಿ ಎ-ಐ-ಎ-ಎಚ್ ಎಂಬ ಬಾಲ ಹಚ್ಚಿಕೊಳ್ಳುತ್ತಾರೆ, ಉತ್ತರದವರಿಗೆ ವೈ ಅಕ್ಷರ ಸಾಕು. ಇದರಲ್ಲಿ ಯಾವುದೂ ತಪ್ಪಲ್ಲ. ಹೆಸರಿನ ಒಡೆಯರು ಹೇಗೆ ಬರೆಯುತ್ತಾರೋ ಅದೇ ಸರಿ ಎಂಬುದು ಎಲ್ಲ ಕಡೆ ನಡೆದುಬಂದ ರೂಢಿ. ಒಡೆಯರು ಒಂದನ್ನೇ ಹಿಡಿದುಕೊಂಡರೆ ಮಾತ್ರ! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದನ್ನೇ ಮುಂದಿನ ಎಲ್ಲ ಕಾಗದಗಳಿಗೂ ದಾಟಿಸುವುದು ಕ್ಷೇಮ. ಆಮೇಲೆ ಅಫಿಡವಿಟ್ಟು, ಪತ್ರಿಕಾ ಜಾಹೀರಾತು ಎಂದು ಒಂದು ಎಚ್‌ಗೋಸ್ಕರ ಓಡಾಡುವುದು ಯಾರಿಗೆ ಬೇಕು?

ಊರುಗಳಿಗೂ ಈ ಕಷ್ಟ ತಪ್ಪಿಲ್ಲ. ಟಿಪ್ಪು ಸುಲ್ತಾನ್ 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯವನ್ನು ಎದುರಿಸಿದ ಮಳವಳ್ಳಿ, ಇಂಗ್ಲಿಷ್ ಚರಿತ್ರೆಗಳಲ್ಲಿ ‘ಮಲ್ಲವೆಲ್ಲಿ’ ಆಗಿ ಕುಳಿತಿದೆ. ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟ ಶಿವನಸಮುದ್ರ ‘ಶಿವಸಮುದ್ರಂ’ ಆಯಿತು. ಬ್ರಿಟಿಷರ ಜೊತೆ ಬಂದ ಬರಹಗಾರರಿಗೆ ಮದ್ರಾಸಿನ ಕಿವಿ ಇತ್ತೆಂದು ಕಾಣುತ್ತದೆ. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು ಸೇರಿ 12 ನಗರಗಳ ಇಂಗ್ಲಿಷ್ ಸ್ಪೆಲಿಂಗನ್ನು ಸರ್ಕಾರ ಕನ್ನಡದ ಉಚ್ಚಾರಕ್ಕೆ ಹತ್ತಿರ ತಂದಿತು. ಮಂಡ್ಯಕ್ಕೆ ಆ ಭಾಗ್ಯದ ಅಗತ್ಯ ಬೀಳಲಿಲ್ಲ. ಆದರೂ ಪ್ರಶ್ನೆ ಉಳಿದಿದೆ: ಊರು ಹೊಸ ಸ್ಪೆಲಿಂಗಿಗೆ ಬಂದ ಮೇಲೆ ಮೈಸೂರು ಪಾಕ್ ಕೂಡ ಬರಬೇಕೆ? ಬರಬೇಕಿಲ್ಲ. ವಿಶ್ವವಿದ್ಯಾನಿಲಯ ಹಳೆಯ ಸ್ಪೆಲಿಂಗಿನಲ್ಲೇ ಇದೆ, ಸ್ಯಾಂಡಲ್ ಸೋಪೂ ಹಾಗೆಯೇ ಇದೆ.

ಇನ್ನು ಅಪ್ಪಟ ಇಂಗ್ಲಿಷ್ ಪದಗಳು. ಸ್ಟೇಷನರಿ ಅಂಗಡಿಯ ಬೋರ್ಡಿನಲ್ಲಿ ‘ಎ’ ಬರಬೇಕೋ ‘ಇ’ ಬರಬೇಕೋ ಎಂಬುದು ಬೋರ್ಡು ಬರೆಯುವವರ ಬಹಳ ಹಳೆಯ ಜಗಳ. ಪೆನ್ನು, ಕಾಗದ ಮಾರುವ ಅಂಗಡಿಗೆ ಇ. ಕದಲದೆ ನಿಂತದ್ದಕ್ಕೆ ಎ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಎರಡರ ಮೂಲವೂ ಒಂದೇ ಎಂಬುದು ಸ್ವಾರಸ್ಯ. ಮಧ್ಯಯುಗದ ಯುರೋಪಿನಲ್ಲಿ ತಲೆಹೊರೆ ಹೊತ್ತು ಊರೂರು ತಿರುಗುವ ವ್ಯಾಪಾರಿಗಳೇ ಹೆಚ್ಚು. ವಿಶ್ವವಿದ್ಯಾನಿಲಯಗಳ ಪಕ್ಕದಲ್ಲಿ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರಿದವನು ‘ಸ್ಟೇಷನರ್’ ಎನಿಸಿಕೊಂಡ, ಅಂದರೆ ನೆಲೆ ನಿಂತವನು. ಎ ಬರೆದ ಪೇಂಟರಣ್ಣನಿಗೆ ಚರಿತ್ರೆಯ ಬೆಂಬಲ ಸ್ವಲ್ಪವಾದರೂ ಇದೆ.

ಡ್ರೈವಿಂಗ್ ಲೈಸೆನ್ಸ್ ಬರೆಯುವಾಗ ಕೊನೆಗೆ ಸಿ-ಇ ಬರೆಯಬೇಕೋ ಎಸ್-ಇ ಬರೆಯಬೇಕೋ? ಬ್ರಿಟಿಷ್ ಪದ್ಧತಿಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಮೆರಿಕದಲ್ಲಿ ಎರಡಕ್ಕೂ ಎಸ್. ನಮ್ಮ ಮೋಟಾರು ವಾಹನ ಕಾಯಿದೆ ಬ್ರಿಟಿಷ್ ದಾರಿ ಹಿಡಿದಿರುವುದರಿಂದ ಆರ್‌ಟಿಒ ಕೊಡುವ ಕಾರ್ಡಿನಲ್ಲಿ ಸಿ ಇರುತ್ತದೆ. ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆದರೆ ಹೆದರಬೇಕಿಲ್ಲ, ಯಂತ್ರದ ಭಾಷೆಯನ್ನು ಅಮೆರಿಕಕ್ಕೆ ಇಟ್ಟಿದ್ದಾರೆ ಅಷ್ಟೆ. 1828ರಲ್ಲಿ ನೋವಾ ವೆಬ್‌ಸ್ಟರ್ ಹೊರತಂದ ನಿಘಂಟು ಕಲರ್ ಪದದ ಯು ಕಿತ್ತು ಹಾಕಿದ್ದರ ಪರಿಣಾಮ ಇಂದು ಮಂಡ್ಯದ ಡಿಟಿಪಿ ಸೆಂಟರಿನವರೆಗೆ ಬಂದಿದೆ.

‘ಉಚ್ಚರಿಸದ ಅಕ್ಷರ ಯಾಕೆ ಬರೀಬೇಕು ಸಾರ್?’ ಎಂದು ಹೈಸ್ಕೂಲು ಮಕ್ಕಳು ಕೇಳುವುದು ನ್ಯಾಯವೇ. ಸಾಲ ಎಂಬರ್ಥದ ‘ಡೆಟ್’ ಪದದ ನಡುವೆ ಬಿ ಏನು ಮಾಡುತ್ತಿದೆ? ಆ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಬರುವಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಬಿ ಇತ್ತೆಂದು ತೋರಿಸಿಕೊಳ್ಳಲು ಪಂಡಿತರು ಆಮೇಲೆ ತುರುಕಿದರು. ‘ರಿಸೀಟ್’ ಪದದ ಪಿ ಸಹ ಅದೇ ಪಾಂಡಿತ್ಯದ ಫಲ. (ನಮ್ಮ ರಸೀದಿ ಇದೇ ರಿಸೀಟ್‌ನ ಹಳ್ಳಿ ರೂಪ ಎಂದು ನಂಬಿದವರು ಬಹಳ ಜನ. ಅಲ್ಲ. ರಸೀದಿ ಬಂದದ್ದು ಪಾರ್ಸಿಯಿಂದ.) ಇದರ ಮೇಲೆ, 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಕಾಲಕ್ಕೆ ಇಂಗ್ಲಿಷಿನ ಸ್ವರಗಳು ಪಲ್ಲಟವಾಗುತ್ತಿದ್ದವು. ಅಚ್ಚಿನಲ್ಲಿ ಸ್ಪೆಲಿಂಗ್ ನಿಂತಿತು, ನಾಲಗೆ ಮುಂದೆ ಹೋಯಿತು. ಬರೆದಂತೆ ಓದುವ ಭಾಷೆಯಿಂದ ಬಂದ ಮಗು ಇಲ್ಲಿ ಎಡವುವುದು ದಡ್ಡತನದಿಂದಲ್ಲ ಎಂದು ಮೇಷ್ಟ್ರು ಒಂದು ಮಾತು ಹೇಳಿದರೆ ಅರ್ಧ ಭಯ ಹೋಗುತ್ತದೆ.

ಸ್ಪೆಲಿಂಗಿಗೆ ನಿಘಂಟು ಇದೆ. ವಾಕ್ಯಕ್ಕೆ ಏನಿದೆ? ಇಲ್ಲಿ ವಿಷಯ ಹೆಚ್ಚು ರುಚಿಯಾಗುತ್ತದೆ, ಏಕೆಂದರೆ ನಮ್ಮವರ ಇಂಗ್ಲಿಷಿನ ಕೆಳಗೆ ಕನ್ನಡ ಹರಿಯುತ್ತಿರುತ್ತದೆ.

‘ಓನ್ಲಿ’ ಪದವನ್ನೇ ನೋಡಿ. ‘ಹಿ ಕೇಮ್ ಎಸ್ಟರ್‌ಡೇ ಓನ್ಲಿ’, ‘ಐ ಆಮ್ ಸ್ಟೇಯಿಂಗ್ ಹಿಯರ್ ಓನ್ಲಿ’ ಎಂದು ಕೇಳಿದ ಇಂಗ್ಲೆಂಡಿನವರು ಕಕ್ಕಾಬಿಕ್ಕಿಯಾಗುತ್ತಾರೆ. ನಿನ್ನೆ ಮಾತ್ರ ಬಂದನೆ? ಬೇರೆ ದಿನ ಬರುವುದಿಲ್ಲವೆ? ಕನ್ನಡದವರಿಗೆ ಯಾವ ಗೊಂದಲವೂ ಇಲ್ಲ. ನಿನ್ನೆಯೇ, ಇಲ್ಲೇ, ಅವನೇ ಎಂದು ಕೊನೆಯಲ್ಲಿ ಒತ್ತುವ ‘ಏ’ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಸಮನಾದದ್ದು ಸಿಗದೆ ‘ಓನ್ಲಿ’ಯನ್ನು ಅಲ್ಲಿ ಕೂರಿಸಿದ್ದಾರೆ. ಇಂಗ್ಲಿಷಿನವರು ಈ ಕೆಲಸವನ್ನು ದನಿಯಿಂದ ಮಾಡುತ್ತಾರೆ, ‘ಎಸ್ಟರ್‌ಡೇ’ ಎಂಬುದನ್ನೇ ಒತ್ತಿ ಹೇಳಿದರೆ ಆಯಿತು. ಬರವಣಿಗೆಯಲ್ಲಾದರೆ ವಾಕ್ಯದ ಆಕಾರವನ್ನೇ ತಿರುಗಿಸುತ್ತಾರೆ: ‘ಇಟ್ ವಾಸ್ ಎಸ್ಟರ್‌ಡೇ ದಟ್ ಹಿ ಕೇಮ್.’ ‘ಸಿಂಪ್ಲಿ’ಯ ಕಥೆಯೂ ಇದೇ. ‘ಯಾಕೆ ಬಂದೆ?’ ‘ಸುಮ್ನೆ ಬಂದೆ.’ ಇದು ‘ಐ ಸಿಂಪ್ಲಿ ಕೇಮ್’ ಆಗುತ್ತದೆ. ಸುಮ್ಮನೆ ಎಂಬ ಮಾತಿನಲ್ಲಿರುವ ನಿರಾಳ, ಸ್ವಲ್ಪ ಸೋಮಾರಿತನ, ಇವೆಲ್ಲವನ್ನೂ ‘ಸಿಂಪ್ಲಿ’ ಹೊರಲಾರದು. ‘ಜಸ್ಟ್ ಲೈಕ್ ದಟ್’ ಅಂದರೆ ಹತ್ತಿರ ಬರುತ್ತದೆ.

‘ಅಲ್ವಾ’ ಇನ್ನೊಂದು. ಹೌದಲ್ವಾ, ಬರ್ತೀಯಲ್ವಾ, ಮಳೆ ಬಂತಲ್ವಾ—ನಮಗೆ ಒಂದೇ ಬಾಲ ಎಲ್ಲಕ್ಕೂ ಸಾಕು. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯಕ್ಕೂ ಬೇರೆ ಬಾಲ ಹೊಲಿಯಬೇಕು: ‘ವೋಂಟ್ ಯು’, ‘ಡಿಡಂಟ್ ಹಿ’, ‘ಆರಂಟ್ ದೆ’. ಎಸ್ಸೆಸ್ಸೆಲ್ಸಿ ಮಕ್ಕಳು ಕ್ವೆಶ್ಚನ್ ಟ್ಯಾಗ್ ಎಂದರೆ ಬೆವರುವುದು ಇದಕ್ಕೇ. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ‘ಇಸಿಂಟ್ ಇಟ್’ ಎಂಬ ಒಂದೇ ಬಾಲಕ್ಕೆ ಹಿಂತಿರುಗುತ್ತಾರೆ. ಮಾತಿನಲ್ಲಿ ಅದನ್ನು ಹಿಡಿದು ಗದರಿಸಬೇಕಾದ ಅಗತ್ಯವಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

‘ಡಿಸ್ಕಸ್ ಅಬೌಟ್’ ಎಂಬುದೂ ‘ಬಗ್ಗೆ’ಯ ಪ್ರಭಾವ. ಕನ್ನಡದಲ್ಲಿ ಕಾವೇರಿ ಬಗ್ಗೆ ಚರ್ಚಿಸುತ್ತೇವೆ, ಇಂಗ್ಲಿಷಿನಲ್ಲಿ ಕಾವೇರಿಯನ್ನೇ ಚರ್ಚಿಸಬೇಕು. ‘ಒನ್ ಆಫ್ ಮೈ ಫ್ರೆಂಡ್’ ಎಂದು ಏಕವಚನದಲ್ಲಿ ನಿಲ್ಲಿಸುವುದು, ‘ಐ ಆಮ್ ಹ್ಯಾವಿಂಗ್ ಟೂ ಸನ್ಸ್’ ಅನ್ನುವುದು, ‘ರಿಟರ್ನ್ ಬ್ಯಾಕ್’ ಎಂದು ಎರಡೆರಡು ಸಲ ಹಿಂದಿರುಗುವುದು, ಇವು ತಿದ್ದಿಕೊಳ್ಳಬೇಕಾದ ತಪ್ಪುಗಳು. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕ ಇಷ್ಟು ವರ್ಷ ಹೊಡೆದಾಡುತ್ತಿರುವುದು ಇವುಗಳ ಜೊತೆಯೇ. ಆ ರೆನ್ ಸಾಹೇಬರು ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು, ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ಹೆಸರಾದವರು. ಮಕ್ಕಳು ಆ ಕಾದಂಬರಿಯನ್ನು ಮರೆತು ವ್ಯಾಕರಣವನ್ನು ನೆನಪಿಟ್ಟುಕೊಂಡಿದ್ದಾರೆ.

ಆದರೆ ‘ಪ್ರಿಪೋನ್’ ತಪ್ಪೆ? ಈ ಪ್ರಶ್ನೆ ಬಾರದ ತಿಂಗಳಿಲ್ಲ. ಮದುವೆಯ ದಿನಾಂಕ ಮುಂದಕ್ಕೆ ಹೋದರೆ ಪೋಸ್ಟ್‌ಪೋನ್, ಹಿಂದಕ್ಕೆ ಬಂದರೆ ಪ್ರಿಪೋನ್. ಇದಕ್ಕಿಂತ ಸಲೀಸು ಏನಿದೆ? ಭಾರತೀಯರು ಹುಟ್ಟಿಸಿದ ಅಶುದ್ಧ ಪದವೆಂದು ಇದನ್ನು ಬಹಳ ಕಾಲ ಹಳಿದರು. 1913ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದ ಒಬ್ಬರು ಪೋಸ್ಟ್‌ಪೋನ್‌ಗೆ ಎದುರಾಳಿಯಾಗಿ ಈ ಪದ ಬೇಕೆಂದು ಸೂಚಿಸಿದ್ದರು. ಅಮೆರಿಕದವರು ಕಿವಿಗೆ ಹಾಕಿಕೊಳ್ಳಲಿಲ್ಲ, ನಾವು ಬಳಕೆಗೆ ತಂದೆವು, ಆಕ್ಸ್‌ಫರ್ಡ್ ನಿಘಂಟು ಒಳಗೆ ಕರೆದುಕೊಂಡಿತು. ಬೆಂಗಳೂರಿನ ಕಂಪನಿಗೆ ಕಳಿಸುವ ಮೇಲ್‌ನಲ್ಲಿ ಧಾರಾಳವಾಗಿ ಬಳಸಬಹುದು. ಲಂಡನ್ನಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಅರ್ಥವಾಗುತ್ತದೆ.

ನೆಂಟಸ್ತಿಕೆಯ ಪದಗಳಲ್ಲಿ ಇಂಗ್ಲಿಷ್ ಬಡವ. ಭಾವ, ಮೈದುನ, ಷಡ್ಡಕ ಎಲ್ಲರನ್ನೂ ‘ಬ್ರದರ್ ಇನ್ ಲಾ’ ಎಂಬ ಒಂದೇ ಗೂಟಕ್ಕೆ ಕಟ್ಟುತ್ತದೆ. ದಕ್ಷಿಣದವರು ಷಡ್ಡಕನಿಗೆಂದೇ ‘ಕೋ ಬ್ರದರ್’ ಎಂಬ ಪದ ಮಾಡಿಕೊಂಡಿದ್ದು ಇದೇ ಕಾರಣಕ್ಕೆ. ‘ಕಸಿನ್ ಬ್ರದರ್’ ಕಂಡರೆ ಮೂಗು ಮುರಿಯುವವರೂ ಒಂದು ಕ್ಷಣ ಮಂಡ್ಯದ ಮನೆಯೊಳಗೆ ನಿಂತು ಯೋಚಿಸಬೇಕು. ದೊಡ್ಡಪ್ಪನ ಮಗ ಅಣ್ಣ. ಸೋದರಮಾವನ ಮಗನನ್ನು ಮದುವೆಯಾಗಬಹುದು. ಇಂಗ್ಲಿಷಿಗೆ ಇಬ್ಬರೂ ಬರೀ ಕಸಿನ್. ‘ಅವನು ನಂಗೆ ಕಸಿನ್ ಬ್ರದರ್’ ಎಂದು ಹುಡುಗಿ ಹೇಳಿದಳೆಂದರೆ, ಬಹಳ ಸಲ ಅದರಲ್ಲಿ ‘ಅಣ್ಣ ಆಗಬೇಕು, ಬೇರೆ ಮಾತು ಬೇಡ’ ಎಂಬ ಸೂಚನೆಯೂ ಇರುತ್ತದೆ. ವ್ಯಾಕರಣದ ಕಣ್ಣಿಗೆ ಕಾಣದ ಕೆಲಸವನ್ನು ಆ ಹೆಚ್ಚುವರಿ ಪದ ಮಾಡುತ್ತಿದೆ. ನಮ್ಮೊಳಗಿನ ಮಾತಿಗೆ ಅದು ಇರಲಿ.

ನಿಜವಾದ ಎಚ್ಚರಿಕೆ ಬೇಕಿರುವುದು ಬೇರೆ ಕಡೆ: ಹೇಳಿದವರಿಗೆ ಒಂದು ಅರ್ಥ, ಕೇಳಿದವರಿಗೆ ಇನ್ನೊಂದು ಅರ್ಥ ಕೊಡುವ ಪದಗಳಲ್ಲಿ. ‘ಐ ವಿಲ್ ರಿವರ್ಟ್’ ಎಂದರೆ ಇಲ್ಲಿ ಉತ್ತರಿಸುತ್ತೇನೆ ಎಂದರ್ಥ. ಹೊರದೇಶದವರ ಕಿವಿಗೆ ಹಳೆಯ ಸ್ಥಿತಿಗೆ ಮರಳುತ್ತೇನೆ ಎಂದು ಕೇಳಿಸೀತು. ‘ಐ ಪಾಸ್ಡ್ ಔಟ್ ಇನ್ 2010’ ಎಂದು ಬಯೋಡೇಟಾದಲ್ಲಿ ಬರೆದರೆ ಕಾಲೇಜು ಮುಗಿಸಿದ್ದು ಎಂದು ನಾವು ತಿಳಿಯುತ್ತೇವೆ. ಅಮೆರಿಕದವರು ಮೂರ್ಛೆ ಹೋಗಿದ್ದಿರಾ ಎಂದು ಕೇಳಬಹುದು. ಹೋಟೆಲ್ ಪದವೂ ಹಾಗೆಯೇ. ಮಂಡ್ಯದಲ್ಲಿ ಮಿಲಿಟರಿ ಹೋಟೆಲ್ ಎಂದರೆ ಮುದ್ದೆ, ಬೋಟಿ, ತಲೆಮಾಂಸ. ಹೊರಗಿನವರು ಅಲ್ಲಿ ರೂಮು ಸಿಗುತ್ತದೆಯೇ ಎಂದು ವಿಚಾರಿಸಿದರೆ ನಗಬಾರದು. ‘ಔಟ್ ಆಫ್ ಸ್ಟೇಷನ್’ ಕಂಪನಿ ಸರ್ಕಾರದ ಕಾಲದ್ದು, ಅಧಿಕಾರಿ ತನ್ನ ಠಾಣ್ಯ ಬಿಟ್ಟು ಹೋಗಿದ್ದಾನೆ ಎಂಬರ್ಥದ್ದು. ಅಧಿಕಾರಿಗಳು ಹೊರಟುಹೋದರು, ರಜಾ ಅರ್ಜಿ ಬರೆಯುವ ನಾವು ಇನ್ನೂ ಸ್ಟೇಷನ್ನಿನಲ್ಲಿದ್ದೇವೆ.

ನುಡಿಗಟ್ಟಿನ ಬಗ್ಗೆ ಒಂದೇ ಮಾತು. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದು ಬರೆದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ತಿಳಿಯುವವರಿಗೆ ಈ ಸುದ್ದಿ ತಲುಪಲಿ: ಜೊನಾಥನ್ ಸ್ವಿಫ್ಟ್ 1738ರಲ್ಲಿ ಸವೆದ ಮಾತುಗಳನ್ನೇ ಆಡುವವರನ್ನು ಗೇಲಿ ಮಾಡಿ ಒಂದು ಪುಸ್ತಕ ಬರೆದ. ಆ ಮಾತು ಅದರಲ್ಲೇ ಇದೆ. ಹುಲ್ಲಿನ ಸೂರಿನಿಂದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು ಎಂಬ ವಿವರಣೆ ಮೊಬೈಲಿನಲ್ಲಿ ಓಡಾಡುತ್ತದೆ, ಅದು ಕಟ್ಟುಕಥೆ. ಧೋ ಎಂದು ಸುರಿಯುವ ಮಳೆಗೆ ‘ಪೋರಿಂಗ್’ ಸಾಕು.

ಪದದ ಬಗ್ಗೆ ಜನ ಕೇಳುವ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರಿಸುವ ಕೆಲಸಕ್ಕೆ ಮಾನ ತಂದುಕೊಟ್ಟವರು ಈ ಜಿಲ್ಲೆಯ ಗಂಜಾಂ ಮನೆತನದ ಜಿ. ವೆಂಕಟಸುಬ್ಬಯ್ಯನವರು. 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ ಅವರ ‘ಇಗೋ ಕನ್ನಡ’ ವರ್ಷಗಟ್ಟಲೆ ನಡೆಯಿತು. ನಿಘಂಟುಕಾರರ ಕೆಲಸ ಜನರ ಬಳಕೆಯನ್ನು ದಾಖಲಿಸುವುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು, ಕಾರು, ರೈಲು ಎಂಬ ಪದಗಳು ಕನ್ನಡದ ಉಕಾರ ಹಚ್ಚಿಕೊಂಡು ಮನೆಯವರಾದ ಹಾಗೆ, ನಮ್ಮ ಬಾಯಲ್ಲಿ ಇಂಗ್ಲಿಷ್ ಕೂಡ ಸ್ವಲ್ಪ ನಮ್ಮದಾಗುತ್ತದೆ.

ಕೊನೆಗೆ, ಇಂಗ್ಲಿಷ್ ಮೇಷ್ಟ್ರುಗಳನ್ನು ಇಕ್ಕಟ್ಟಿಗೆ ಸಿಕ್ಕಿಸಲು ತಲೆಮಾರುಗಳಿಂದ ಕೇಳುತ್ತ ಬಂದಿರುವ ಒಂದು ಪ್ರಶ್ನೆ. ‘ದೇವೇಗೌಡರು ಭಾರತದ ಎಷ್ಟನೆಯ ಪ್ರಧಾನಿ?’ ಇದನ್ನು ಇಂಗ್ಲಿಷಿನಲ್ಲಿ ಕೇಳಿ ನೋಡೋಣ! ಎಷ್ಟು ಎಂಬುದಕ್ಕೆ ‘ಹೌ ಮೆನಿ’ ಇದೆ, ‘ಎಷ್ಟನೆಯ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ರೂಢಿಯ ಪದವಿಲ್ಲ. ‘ಹೌ ಮೆನಿಯತ್’ ಎಂದು ಸೃಷ್ಟಿಸಿದವರಿದ್ದಾರೆ, ಕ್ಲಾಸಿನ ಹೊರಗೆ ಅದು ಬದುಕಿಲ್ಲ. ‘ವಿಚ್ ನಂಬರ್’ ಎಂದು ಕೇಳಿದರೆ ಅರ್ಥವಾಗುತ್ತದೆ, ಸೊಗಸಿಲ್ಲ. ‘ಪ್ರಧಾನಿಗಳ ಸಾಲಿನಲ್ಲಿ ದೇವೇಗೌಡರು ಎಲ್ಲಿ ಬರುತ್ತಾರೆ?’ ಎಂಬರ್ಥದಲ್ಲಿ ‘ವೇರ್ ಡಸ್ ಹಿ ಕಮ್ ಇನ್ ದ ಲಿಸ್ಟ್ ಆಫ್ ಪ್ರೈಮ್ ಮಿನಿಸ್ಟರ್ಸ್’ ಎಂದು ಸುತ್ತಿ ಬಳಸಿ ಕೇಳಬೇಕಾಗುತ್ತದೆ. ಉತ್ತರ ಮಾತ್ರ ಎರಡೂ ಭಾಷೆಯಲ್ಲಿ ಸುಲಭ. ಹನ್ನೊಂದನೆಯವರು.